ಎಡಗೈ ಮೇಸ್ತ್ರಿಯ ಕಪಾಟು

ನನ್ನ ಗಂಡ ಕಪಾಟಿನಿಂದ ಉರುಳಿ ಬಿದ್ದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ಯಾರೋ ಒಬ್ಬರು ‘ಭೇಷ್’ ಅಂದದ್ದೂ ನನಗೆ ಕೇಳಿಸಿತು. ಅದಾಗಿ ಮೂರು ವಾರವಾಯಿತು. ಈಗಲೂ ಎಲ್ಲಾದರೂ ನಾಲ್ಕು ಜನ ಸೇರಿ ಕೈ ತಟ್ಟಿದರೆ ನಾನು ಎದ್ದು ಹೊರಗೆ ಹೋಗಿಬಿಡುತ್ತೇನೆ. ಆದದ್ದನ್ನು ಆದ ಹಾಗೇ ಹೇಳಿಬಿಡುತ್ತೇನೆ. ನಡುವೆ ನಾನು ನನ್ನ ಪರವಾಗಿಯೇ ವಾದಿಸಲು ಹೊರಟರೆ ನಂಬಬೇಡಿ, ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ.

ನಾನು ಹಲ್ಲಿನ ಸೆಟ್ ಮಾಡುವವಳು. ಹಲ್ಲಿನ ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಮೇಜಿನ ಮೇಲೆ ಮೇಣ, ಪ್ಲಾಸ್ಟರು, ಸಣ್ಣದೊಂದು ಬರ್ನರು ಇಟ್ಟುಕೊಂಡು ಆ ಅಚ್ಚಿಗೆ ಹೊಂದುವ ಹಾಗೆ ಹಲ್ಲು ಕೂರಿಸುತ್ತೇನೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಈ ಕೆಲಸದಲ್ಲಿ ಪಾಪ ಅಂತ ಒಂದಿದ್ದರೆ ಅದು ಸಂದು. ಒಸಡಿಗೂ ಸೆಟ್ಟಿಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಅಗುಳು ಸಿಕ್ಕಿಕೊಳ್ಳುತ್ತದೆ, ಹುಣ್ಣಾಗುತ್ತದೆ, ಮಾಡಿದ ಸೆಟ್ಟು ಬೈಗುಳದ ಜೊತೆ ವಾಪಸ್ಸು ಬರುತ್ತದೆ. ಹೀಗಾಗಿ ಎಲ್ಲಿ ಸಂದು ಕಂಡರೂ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಮನೆಯ ಕಿಟಕಿ, ಬಾಗಿಲು, ಅಡುಗೆಮನೆಯ ಕಟ್ಟೆ, ಒಂದನ್ನೂ ಬಿಟ್ಟವಳಲ್ಲ. ನಮ್ಮವರು ಮನೆಗೆ ಬಂದವರ ಹತ್ತಿರ ತಮಾಷೆ ಮಾಡುತ್ತಿದ್ದರು: “ಇವಳ ಮುಂದೆ ಬಾಯಿ ತೆರೆದುಕೊಂಡು ನಿದ್ದೆ ಮಾಡ್ಬೇಡಿ, ಮೇಣ ಹಾಕಿ ಮುಚ್ಚಿಬಿಡ್ತಾಳೆ.”

ನಮ್ಮವರು ಮುದ್ರಣಾಲಯದಲ್ಲಿ ಕರಡು ತಿದ್ದುವವರು. ಕುಳ್ಳಗೆ, ಸಣ್ಣಗೆ, ಮಾತು ಕಡಿಮೆ. ನಾನು ಅದಕ್ಕೆ ತದ್ವಿರುದ್ಧ. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಇಳಿದು ಬರಲು ಯಾವ ಕಾರಣವೂ ಬೇಕಾಗಿಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರು ನನಗೆ ಎದುರಾಡಿದ್ದನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಅದನ್ನು ನಾನು ಎಲ್ಲರ ಹತ್ತಿರ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ.

ಕೈಯಿಂದ ಮಾಡಿದ ಜಾದೂ ಸಾಮಾನುಗಳನ್ನು ಕೂಡಿಹಾಕುವುದು ನನ್ನ ಹುಚ್ಚು. ಕಾರ್ಖಾನೆಯ ಪ್ಲಾಸ್ಟಿಕ್ ಡಬ್ಬಿಗಳನ್ನು ನಾನು ಮನೆಯೊಳಗೇ ಸೇರಿಸುವುದಿಲ್ಲ. ಒಂದೇ ಬೇರಿನ ತುಂಡಿನಿಂದ ಕಡೆದ ಮೂರು ಬಟ್ಟಲು, ಮೊಟ್ಟೆಯನ್ನು ನುಂಗಿ ಬರಿದಾಗುವ ಡ್ರಾಯರಿನ ಪೆಟ್ಟಿಗೆ, ಕೇಳಿದ ಎಲೆಯನ್ನು ತಾನಾಗಿ ಮೇಲೆತ್ತಿ ತೋರಿಸುವ ಇಸ್ಪೀಟಿನ ಚೌಕಟ್ಟು, ಮುಟ್ಟದೆಯೇ ಮೊಳಗುವ ಹಿತ್ತಾಳೆಯ ಗಂಟೆ: ಇಂಥವು ಇಪ್ಪತ್ತಾರು ಇವೆ. ಕೆಲವರು ಇವನ್ನು ಗಾಜಿನೊಳಗಿಟ್ಟು ಬೀಗ ಹಾಕಿ ದೂರದಿಂದ ನೋಡಿ ಸುಖಪಡುತ್ತಾರೆ. ನನಗೆ ಅಂಥವರನ್ನು ಕಂಡರೆ ಆಗದು. ಆಡಿಸಲೆಂದು ಮಾಡಿದ್ದನ್ನು ಆಡಿಸಬೇಕು. ನಾನು ಆಡಿಸುತ್ತೇನೆ, ಜನರೆದುರು, ವರ್ಷಕ್ಕೆ ನಾಲ್ಕಾರು ಸಲ.

ನಮ್ಮಂಥವರದು ಒಂದು ಮಂಡಳಿ ಇದೆ. ಹದಿನಾಲ್ಕು ಜನ. ಅಧ್ಯಕ್ಷರು ನಿವೃತ್ತ ಪೋಸ್ಟ್ ಮಾಸ್ಟರು; ಎಪ್ಪತ್ತು ದಾಟಿದ್ದರೂ ಅವರ ಬೆರಳು ಓಡುವುದನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಮಂಡಳಿಗೆ ಎರಡೇ ಎರಡು ನಿಯಮ. ಒಂದು, ಹೊರಗಿನವರಿಗೆ ಗುಟ್ಟು ಬಿಟ್ಟುಕೊಟ್ಟವರು ಮಂಡಳಿಯಿಂದ ಹೊರಗೆ. ಎರಡು, ನಮ್ಮವರಲ್ಲಿ ಯಾರಾದರೂ ವೇದಿಕೆಯ ಮೇಲೆ ಎಡವಿದರೆ ಉಳಿದವರು ಅದನ್ನು ಮರೆಸಬೇಕು. ಚೆಂಡು ಕೈಜಾರಿ ಬಿದ್ದರೆ ಕೆಳಗೆ ಕೂತವನು ಕುರ್ಚಿ ಕೆಡವಿ ಸದ್ದು ಮಾಡಬೇಕು. ದಾರ ಕಂಡರೆ ಪಕ್ಕದವನು ಸೀನಬೇಕು. ಹಾಗೆ ಮರೆಸಿದವನಿಗೆ ಯಾರೂ ಬಾಯಿಬಿಟ್ಟು ಥ್ಯಾಂಕ್ಸ್ ಹೇಳುವುದಿಲ್ಲ, ಕಣ್ಣಲ್ಲೇ ಹೇಳುತ್ತೇವೆ.

ಕಪಾಟಿನ ವಿಷಯಕ್ಕೆ ಬರುತ್ತೇನೆ. ನಮ್ಮ ಮಂಡಳಿಯಲ್ಲಿ ಎಡಗೈ ಮೇಸ್ತ್ರಿ ಎಂದರೆ ಎಲ್ಲರೂ ದನಿ ತಗ್ಗಿಸುತ್ತಾರೆ. ಆತ ಸತ್ತು ಎಷ್ಟೋ ವರ್ಷವಾಯಿತು. ಮಾಡಿದ್ದು ಕೆಲವೇ ಸಾಮಾನು, ಎಲ್ಲವೂ ಎಡಗೈಯವರಿಗೆ ಒಪ್ಪುವಂಥವು. ಹಳೆಯ ಜಾದೂಗಾರನೊಬ್ಬನ ಮಗಳು ನನ್ನ ಹತ್ತಿರ ಸೆಟ್ಟು ಮಾಡಿಸಿಕೊಂಡಿದ್ದರು. ಮನೆ ಖಾಲಿ ಮಾಡುವಾಗ ಫೋನು ಮಾಡಿ, “ಅಪ್ಪನ ಕಾಲದ್ದೊಂದು ಕಪಾಟಿದೆ, ಗುಜರಿಗೆ ಹಾಕೋಕೆ ಮನಸ್ಸಿಲ್ಲ, ತಗೊಂಡು ಹೋಗ್ತೀಯಾ?” ಎಂದರು. ಹೋಗಿ ನೋಡಿದೆ. ಬಾಗಿಲಿನ ಹಿಡಿ ಎಡಗಡೆಯಿತ್ತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಎದೆಯೆತ್ತರದ ಕಪಾಟು, ನಾಲ್ಕು ಸಪೂರ ಕಾಲು. ಮನುಷ್ಯನನ್ನು ಒಳಗೆ ಕಳಿಸಿ, ಬಾಗಿಲು ಹಾಕಿ ತೆಗೆದರೆ ಒಳಗೆ ಯಾರೂ ಇಲ್ಲ. ಕಾಲುಗಳ ಕೆಳಗೆ ಬಯಲು, ಹಿಂದೆ ಬಯಲು, ಎಲ್ಲಿ ಹೋದನೆಂದು ದೇವರಿಗೇ ಗೊತ್ತು. ಗುಟ್ಟು ಇಷ್ಟೇ: ಹಿಂಭಾಗದಲ್ಲಿ ಒಂದು ಕಳ್ಳಗೂಡು. ಸಣ್ಣ ಆಳಾದರೆ ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಅದರೊಳಗೆ ಕೂರಬಹುದು. ಮುಂದೆ ಒಂದು ಹಲಗೆ ಜಾರಿ ಮುಚ್ಚಿಕೊಳ್ಳುತ್ತದೆ. ಒಳಗಿರುವವನು ಒಂದು ಬೆರಳಲ್ಲಿ ಅದನ್ನು ಸರಿಸಬಹುದು, ಹೊರಗಿನಿಂದಾದರೆ ಎಡಮೂಲೆಯ ಗುಂಡಿ ಒತ್ತಬೇಕು. ಇದನ್ನು ನಿಮಗೆ ಹೇಳಿ ಮಂಡಳಿಯ ನಿಯಮ ಮುರಿದೆ. ಮುರಿಯಲಿ ಬಿಡಿ.

ಮನೆಗೆ ತಂದು ಒರೆಸಿ ನೋಡಿದರೆ ಎಲ್ಲ ಸರಿಯಿದೆ, ಆದರೆ ಕಳ್ಳಗೂಡಿನಲ್ಲಿ ಎರಡು ಸಂದು. ಮೇಲೊಂದು, ಕೆಳಗೊಂದು, ಇಸ್ಪೀಟಿನ ಎಲೆಯಷ್ಟು ದಪ್ಪ, ಗೂಡಿನ ಉದ್ದಕ್ಕೂ. ಮರ ಒಣಗಿ ಕುಗ್ಗಿದೆ ಎಂದುಕೊಂಡೆ. ನನಗೆ ಆ ಮಹಾನುಭಾವನ ಮೇಲೆ ಕನಿಕರವೇ ಬಂತು. ಇಷ್ಟು ಚೆನ್ನಾಗಿ ಕೂಡಿಸಿದವನ ಕೆಲಸಕ್ಕೆ ಕಾಲ ಹೀಗೆ ಮಾಡಬಾರದಿತ್ತು. ಮರದ ಹುಡಿ, ಮೇಣ, ವಾರ್ನಿಷ್ ಕಲಸಿ, ಹಲ್ಲಿನ ಕೆಲಸದ ಸಣ್ಣ ಅಲಗಿನಿಂದ ಎರಡೂ ಸಂದುಗಳನ್ನು ತುಂಬಿದೆ. ಸ್ಯಾಂಡ್ ಪೇಪರ್ ಹಾಕಿ ಉಜ್ಜಿದೆ. ಹಲಗೆ ಜಾರುವಾಗ ಕಿರ್ ಎನ್ನುತ್ತಿತ್ತು, ಅಂಚಿಗೆಲ್ಲ ತೆಳುವಾದ ಫೆಲ್ಟ್ ಬಟ್ಟೆ ಅಂಟಿಸಿದೆ. ಕೊನೆಗೆ ಒಳಗೂ ಹೊರಗೂ ಎರಡು ಪದರ ವಾರ್ನಿಷ್. ಹಲಗೆ ಮುಚ್ಚಿದರೆ ಸದ್ದೇ ಇಲ್ಲ. ಟಾರ್ಚು ಒಳಗಿಟ್ಟು ಕೋಣೆಯ ದೀಪ ಆರಿಸಿ ನೋಡಿದೆ, ಬೆಳಕಿನ ಒಂದು ಗೆರೆಯೂ ಹೊರಗೆ ಬರಲಿಲ್ಲ. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮೇಸ್ತ್ರಿ ಬದುಕಿದ್ದರೆ ನನ್ನ ಬೆನ್ನು ತಟ್ಟುತ್ತಿದ್ದ ಎಂದೂ ಅನ್ನಿಸಿತು.

ಮಂಡಳಿಯ ವಾರ್ಷಿಕ ಪ್ರದರ್ಶನಕ್ಕೆ ಕಪಾಟಿನ ಆಟ ನನ್ನದೆಂದು ತೀರ್ಮಾನವಾಯಿತು. ಒಳಗೆ ಹೋಗುವವರು ಮತ್ಯಾರು, ನಮ್ಮವರೇ. ಹಿಂದೆಯೂ ನನ್ನ ಜೊತೆ ವೇದಿಕೆಗೆ ಬಂದವರು. ಹನ್ನೊಂದು ಸಲ ಅಭ್ಯಾಸ ಮಾಡಿದೆವು. ಪ್ರತಿ ಸಲ ಅವರು ಒಳಗಿದ್ದದ್ದು ಎರಡು ನಿಮಿಷ, ಹೆಚ್ಚೆಂದರೆ ಮೂರು. ನಿಜವಾದ ಆಟದಲ್ಲಿ ಅವರು ಮಾಯವಾದ ಮೇಲೆ ನಾನು ಬಟ್ಟಲಿನ ಆಟ ಆಡಬೇಕು; ಬಟ್ಟಲಿನಿಂದ ಕೆಂಪು ಚೆಂಡು ಮಾಯವಾಗಬೇಕು; ಅವರು ಮತ್ತೆ ಕಪಾಟಿನಿಂದ ಹೊರಬಂದು ಅದೇ ಚೆಂಡನ್ನು ಕೋಟಿನ ಜೇಬಿನಿಂದ ತೆಗೆಯಬೇಕು. ಬಟ್ಟಲಿನ ಆಟ ನನಗೆ ನಿದ್ದೆಯಲ್ಲೂ ಬರುತ್ತದೆ, ಅದಕ್ಕೇಕೆ ಅಭ್ಯಾಸ ಎಂದು ಬಿಟ್ಟುಬಿಟ್ಟಿದ್ದೆ.

“ಒಳಗೆ ಸೆಕೆ ಕಣೇ,” ಎಂದರು ಒಮ್ಮೆ, ಹೊರಗೆ ಬಂದು ಕತ್ತು ಒರೆಸಿಕೊಳ್ಳುತ್ತಾ. “ವಾರ್ನಿಷ್ ವಾಸನೆ ಬೇರೆ. ತಲೆಗೆ ಹತ್ತತ್ತೆ.”

“ನನ್ನನ್ನ ಕಟ್ಕೊಂಡ ಮೇಲೆ ಏನೇನೋ ತಲೆಗೆ ಹತ್ತಿಲ್ವಾ? ಇದೂ ಹತ್ತಲಿ ಬಿಡಿ.”

ನಕ್ಕರು. “ಏನಾದ್ರೂ ಹೆಚ್ಚುಕಮ್ಮಿ ಆದ್ರೆ?”

“ಮೂರು ಸಲ ಬಡೀರಿ. ತೆಗೀತೀನಿ.”

“ಜನರ ಮುಂದೆ?”

“ಜನರ ಮುಂದೇನೇ. ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?” ಎಂದು ಗದರಿದೆ. ಅವರು ಇದೆ ಎನ್ನುವ ಹಾಗೆ ತಲೆಯಾಡಿಸಿದರು.

ಪ್ರದರ್ಶನ ಭಾನುವಾರ ಮಧ್ಯಾಹ್ನ, ಗ್ರಂಥಾಲಯದ ಮಹಡಿಯ ಮೇಲಿನ ಸಭಾಂಗಣದಲ್ಲಿ. ಮಡಚುವ ಕುರ್ಚಿಗಳೆಲ್ಲ ಭರ್ತಿ. ಮುಂದಿನ ಸಾಲಿನಲ್ಲಿ ನನ್ನ ನಾದಿನಿ ಕೂತಿದ್ದಳು. ನಮ್ಮವರ ಒಬ್ಬಳೇ ತಂಗಿ, ಬಸ್ಸಿನಲ್ಲಿ ಕಂಡಕ್ಟರ್. ಅಣ್ಣನಿಗೆ ಸಿಗಬೇಕಾದ ಗಂಟಲೂ ಸೇರಿ ಅವಳಿಗೇ ಹೋಗಿದೆ. ಜಾದೂ ಎಂದರೆ ಅವಳಿಗೆ ಹಿಡಿಸುವುದಿಲ್ಲ. ಅಣ್ಣ ಕರೆದ ಎಂದು ಬಂದಿದ್ದಳು.

ನಮ್ಮವರು ವೇದಿಕೆಯ ಮೇಲೆ ಹೆಂಡತಿಗೆ ಹೆದರುವ ಗಂಡನ ಪಾತ್ರ ಮಾಡುತ್ತಾರೆ. ನಾನು, “ಮಾತಾಡ್ಬೇಡಿ, ಒಳಗೆ ಹೋಗಿ,” ಎಂದೆ. ಅವರು ಜನರ ಕಡೆ ತಿರುಗಿ, “ಹೋಗ್ತೀನಿ. ಅಲ್ಲಾದ್ರೂ ನೆಮ್ಮದಿ ಸಿಗಬಹುದು,” ಎಂದರು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬಾಗಿಲು ಹಾಕಿದೆ, ಮೂರು ಎಣಿಸಿ ತೆಗೆದೆ. ಖಾಲಿ. ಚಪ್ಪಾಳೆ. ಅಂಥ ಚಪ್ಪಾಳೆ ನನ್ನ ಜೀವಮಾನದಲ್ಲಿ ಬಿದ್ದಿರಲಿಲ್ಲ.

ಬಟ್ಟಲುಗಳ ಕಡೆ ತಿರುಗಬೇಕು, ಅಷ್ಟರಲ್ಲಿ ಪೋಸ್ಟ್ ಮಾಸ್ಟರು ಎದ್ದು ನಿಂತರು. “ಒಂದು ನಿಮಿಷ ತಾಯಿ. ಹತ್ತಿರದಿಂದ ನೋಡ್ಬಹುದಾ?” ಎಂದರು. ಆ ಮನುಷ್ಯ ಯಾರ ಆಟದ ನಡುವೆಯೂ ಎದ್ದು ನಿಂತವರಲ್ಲ. ಯಾರ ಸಾಮಾನನ್ನೂ ಹತ್ತಿರ ಹೋಗಿ ನೋಡಿದವರಲ್ಲ. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. “ಬನ್ನಿ ಸರ್, ಬನ್ನಿ,” ಎಂದೆ.

ಬಂದರು. ಕಪಾಟಿನ ಸುತ್ತ ಒಂದು ಸುತ್ತು ಹಾಕಿದರು. ಕೈಲಿದ್ದ ಊರುಗೋಲನ್ನು ಕಪಾಟಿನ ಕಾಲುಗಳ ನಡುವೆ ಆಡಿಸಿ ತೋರಿಸಿದರು. ಹಿಂದೆ ಹೋಗಿ ಕೈ ಬೀಸಿದರು. ಆಮೇಲೆ ಜನರ ಕಡೆ ತಿರುಗಿ ಮೇಸ್ತ್ರಿಯ ಕಥೆ ಶುರುಮಾಡಿದರು. ಎಳವೆಯಲ್ಲಿ ಆತನ ಅಂಗಡಿಯ ಮೆಟ್ಟಿಲ ಮೇಲೆ ಕೂತು ನೋಡಿದ್ದು, ಆತ ಎಡಗೈಯಲ್ಲಿ ಉಳಿ ಹಿಡಿಯುತ್ತಿದ್ದದ್ದು, ಒಂದು ಹಿಡಿ ಸರಿಯಾಗಿ ಬರಲಿಲ್ಲವೆಂದು ಇಡೀ ಪೆಟ್ಟಿಗೆಯನ್ನು ಒಲೆಗೆ ಹಾಕಿದ್ದು. ಚೆನ್ನಾಗಿ ಹೇಳುತ್ತಾರೆ. ಮಧ್ಯೆ ಎರಡು ಸಲ ನನ್ನ ಹೆಸರು ಹಿಡಿದು ಹೊಗಳಿದರು. ಆರು ನಿಮಿಷವಾಯಿತು. ಹತ್ತಾಯಿತು. ನಾನು ಪಕ್ಕದಲ್ಲಿ ನಿಂತು ಮದುಮಗಳ ಹಾಗೆ ನಾಚುತ್ತಿದ್ದೆ.

ಆಗ ಕಪಾಟು ಬಡಿಯಿತು. ಟಕ್, ಟಕ್, ಟಕ್.

ಮೆತ್ತಗೆ, ಆದರೆ ಸ್ಪಷ್ಟವಾಗಿ. ನನಗೆ ಕೇಳಿಸಿತು. ಮಾತಿನ ಗದ್ದಲದಲ್ಲಿ ಕೇಳಿಸಲಿಲ್ಲ, ಫೆಲ್ಟ್ ಇತ್ತು, ಗಮನ ಎಲ್ಲೋ ಇತ್ತು, ಅದೆಲ್ಲ ಸುಳ್ಳು. ಕೇಳಿಸಿತು. ನನಗಿಂತ ಹತ್ತಿರವಿದ್ದ ಪೋಸ್ಟ್ ಮಾಸ್ಟರಿಗೂ ಕೇಳಿಸಿತು. ಅವರು ತಕ್ಷಣ ಕೆಮ್ಮಿದರು. ಒಂದಲ್ಲ, ನಾಲ್ಕೈದು ಸಲ, ಕಣ್ಣಲ್ಲಿ ನೀರು ಬರುವ ಹಾಗೆ. ಕೆಮ್ಮು ಮುಗಿದ ಮೇಲೆ ದನಿ ಏರಿಸಿ ಮಾತು ಮುಂದುವರಿಸಿದರು. ನಮ್ಮ ಎರಡನೇ ನಿಯಮ. ಒಳಗಿರುವವನ ಕಾಲು ತಾಗಿ ಸದ್ದಾಗಿದೆ ಎಂದುಕೊಂಡು ನನ್ನ ಮಾನ ಕಾಪಾಡುತ್ತಿದ್ದರು. ನಾನು ಏನು ಮಾಡಿದೆ ಗೊತ್ತೇ? ಕಣ್ಣಲ್ಲೇ ಅವರಿಗೆ ಥ್ಯಾಂಕ್ಸ್ ಹೇಳಿದೆ.

ಇನ್ನೊಂದು ನಿಮಿಷ ತಡೆದುಕೊಳ್ಳಬಾರದೇ ಎಂದು ನಮ್ಮವರ ಮೇಲೆ ಸಿಟ್ಟೂ ಬಂತು. ಇಷ್ಟು ವರ್ಷಕ್ಕೊಮ್ಮೆ ನನಗೊಂದು ಮರ್ಯಾದೆ ಸಿಗುತ್ತಿರುವಾಗ ಇವರಿಗೆ ಈಗಲೇ ಸೆಕೆಯಾಗಬೇಕೇ.

ಪೋಸ್ಟ್ ಮಾಸ್ಟರು ಮಾತು ಮುಗಿಸಿ ಕೆಳಗಿಳಿಯುವ ಮುನ್ನ ನನ್ನ ಕಿವಿಯ ಹತ್ತಿರ ಬಗ್ಗಿದರು. “ಉಸಿರಿನ ಸಂದು ಎಲ್ಲಮ್ಮಾ? ಮೇಲೊಂದು ಕೆಳಗೊಂದು ಇಡ್ತಿದ್ದ ಮೇಸ್ತ್ರಿ. ಅವನ್ನೂ ಕಾಣದ ಹಾಗೆ ಮಾಡಿದೀಯಲ್ಲ, ಶಹಬ್ಬಾಸ್.”

ನೀರು ಇಳಿದ ಹಾಗೆ ಎಲ್ಲವೂ ಕಾಣಿಸಿತು: ಮೇಣ, ಫೆಲ್ಟ್, ವಾರ್ನಿಷ್, ಹೊರಗೆ ಬಾರದ ಟಾರ್ಚಿನ ಬೆಳಕು. ಮರ ಕುಗ್ಗಿರಲಿಲ್ಲ. ಆ ಸಂದುಗಳನ್ನು ಮೇಸ್ತ್ರಿ ಬೇಕೆಂದೇ ಬಿಟ್ಟಿದ್ದ. ನಾನು ನನ್ನ ಗಂಡನನ್ನು ಡಬ್ಬಿಯೊಳಗಿಟ್ಟು ಮುಚ್ಚಿದ್ದೆ.

ಈಗ ನೀವು ಕೇಳುವುದು ನನಗೆ ಗೊತ್ತು. ಎರಡು ಹೆಜ್ಜೆ ಹಾಕಿ ಗುಂಡಿ ಒತ್ತಬೇಕಿತ್ತು, ಅಷ್ಟೇ. ನಾನು ಬಟ್ಟಲಿನ ಮೇಜಿನ ಕಡೆ ಹೆಜ್ಜೆ ಹಾಕಿದೆ. ಬೇಗ ಮುಗಿಸಿ ತೆಗೆದುಬಿಡುತ್ತೇನೆ, ಒಂದೇ ಒಂದು ನಿಮಿಷ ಎಂದುಕೊಂಡೆ. ಅಷ್ಟು ಜನ ನೋಡುತ್ತಿದ್ದರು. ಪೋಸ್ಟ್ ಮಾಸ್ಟರು ಕುರ್ಚಿಯ ಮೇಲೆ ಆರಾಮವಾಗಿ ಒರಗಿ ನೋಡುತ್ತಿದ್ದರು. ಕೈ ತಾನಾಗಿ ಚೆಂಡನ್ನು ಎತ್ತಿತು, ಬಟ್ಟಲನ್ನು ಕವುಚಿತು. ಬಾಯಿ ತಾನಾಗಿ ಮಾತಾಡಿತು, ಜನ ನಕ್ಕರು. ನನ್ನ ಕೈಗಳನ್ನು ಬೇರೆ ಯಾರೋ ಆಡಿಸುತ್ತಿದ್ದಾರೆ, ನಾನು ನಿಂತು ನೋಡುತ್ತಿದ್ದೇನೆ ಅನ್ನಿಸಿತು. ಆದರೆ ಆಡಿಸುತ್ತಿದ್ದವಳು ನಾನೇ.

ಎರಡನೇ ಬಟ್ಟಲು ಎತ್ತುವಾಗ ಮತ್ತೆ ಮೂರು ಸಲ ಬಡಿತ. ಈ ಸಲ ನಡುನಡುವೆ ಅಂತರವಿತ್ತು. ಮೂರನೆಯದು ಬಡಿತವಲ್ಲ, ಉಜ್ಜಿದ ಹಾಗಿತ್ತು.

“ಅತ್ತಿಗೆ, ಒಳಗೆ ಯಾರೋ ಬಡೀತಿದಾರೆ!” ನಾದಿನಿ ಕೂತಲ್ಲಿಂದಲೇ ಕೂಗಿದಳು. ಬಸ್ಸು ನಿಲ್ಲಿಸುವ ಗಂಟಲು. ಜನ ಗೊಳ್ಳೆಂದು ನಕ್ಕರು. ಮೊದಲೇ ಹೇಳಿಕೊಟ್ಟು ಕೂರಿಸಿದ್ದೇವೆ ಎಂದುಕೊಂಡರೋ ಏನೋ. ನಾನೂ ನಕ್ಕೆ. ಹೌದು, ನಕ್ಕೆ. “ನಮ್ಮ ಮನೇಲಿ ಖಾಲಿ ಕಪಾಟೂ ಸುಮ್ನಿರಲ್ಲ,” ಎಂದೆ. ಅದಕ್ಕೂ ನಕ್ಕರು.

ಆಮೇಲೆ ಬಡಿತ ನಿಂತಿತು. ಸದ್ಯ, ಸುಮ್ಮನಾದರು ಎಂದು ಸಮಾಧಾನವಾಯಿತು. ಒಂದು ಕ್ಷಣ ಅಷ್ಟೇ ಇರಬಹುದು. ಆ ಒಂದು ಕ್ಷಣವನ್ನು ನಾನು ಯಾರಿಗೆ ಹೇಗೆ ಹೇಳಲಿ? ಅದೇ ಕ್ಷಣದ ಕೊನೆಯಲ್ಲಿ, ಯಾಕೆ ಸುಮ್ಮನಾದರು ಎಂದು ಹೊಳೆಯಿತು. ಮೂರನೇ ಬಟ್ಟಲನ್ನು ಎತ್ತಲಿಲ್ಲ. ಕೈಯಲ್ಲಿದ್ದ ಚೆಂಡು ಕೆಳಗೆ ಬಿತ್ತು, ಮಂಡಳಿಯವರಲ್ಲಿ ಯಾರೋ ಕುರ್ಚಿ ಕೆಡವಿ ಸದ್ದು ಮಾಡಿದರು. ಓಡಿ ಬಾಗಿಲು ತೆಗೆದೆ. ಖಾಲಿ. ಅವರೇ ಹಲಗೆ ಸರಿಸಿಕೊಂಡು ಮುಂದೆ ಬಂದು ಕೂತಿರಬೇಕಿತ್ತು. ಬಂದಿರಲಿಲ್ಲ. ಗುಂಡಿ ಒತ್ತಿದೆ.

ಉರುಳಿ ಬಿದ್ದರು. ಮೊದಲು ಭುಜ, ಆಮೇಲೆ ತಲೆ. ತುಟಿ ಸೀಸದ ಬಣ್ಣ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ನಾನು ಕಿರುಚಿದೆನಂತೆ. ನನಗೆ ನೆನಪಿಲ್ಲ. ನೆನಪಿರುವುದು ಅವರ ತಲೆ ನನ್ನ ತೊಡೆಯ ಮೇಲೆ ಕಲ್ಲಿನ ಹಾಗೆ ಭಾರವಾಗಿದ್ದದ್ದು, ಚಪ್ಪಾಳೆ ನಿಲ್ಲದೇ ಇದ್ದದ್ದು, ನಾದಿನಿ ಒಂದೇ ನೆಗೆತಕ್ಕೆ ವೇದಿಕೆ ಹತ್ತಿ ನನ್ನನ್ನು ಪಕ್ಕಕ್ಕೆ ನೂಕಿದ್ದು. “ಕಿಟಕಿ ತೆಗೀರೋ! ನಿಮ್ಮ ಚಪ್ಪಾಳೆಗೆ ಬೆಂಕಿ ಬೀಳಾ, ಕಿಟಕಿ ತೆಗೀರಿ!” ಎಂದು ಅವಳು ಅರಚಿದ ಮೇಲೇ ಜನಕ್ಕೆ ಗೊತ್ತಾದದ್ದು. ಅವರ ಅಂಗಿಯ ಗುಂಡಿ ಕಿತ್ತು, ಕೆನ್ನೆಗೆ ಹೊಡೆದು, ಬಾಯಿಗೆ ಬಾಯಿಟ್ಟು ಊದಿದವಳು ಅವಳೇ. ಬಸ್ಸಿನವರಿಗೆ ಅದನ್ನೆಲ್ಲ ಕಲಿಸಿರುತ್ತಾರಂತೆ. ಎಷ್ಟೋ ಹೊತ್ತಿನ ಮೇಲೆ ಅವರು ಒಮ್ಮೆ ಗೊರ್ರೆಂದು ಉಸಿರೆಳೆದರು.

ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕದ ಮಾಸ್ಕು ಹಾಕಿ ಮಲಗಿಸಿದರು. ಡಾಕ್ಟರು ಹೊರಗೆ ಬಂದು, “ಗಾಳಿ ಇಲ್ಲದೆ ಇಪ್ಪತ್ತು ನಿಮಿಷ, ಜೊತೆಗೆ ವಾರ್ನಿಷ್ ಬೇರೆ. ಇನ್ನೊಂದೈದು ನಿಮಿಷ ಆಗಿದ್ರೆ ನನ್ನ ಹತ್ರ ತರಬೇಕಾಗೇ ಇರಲಿಲ್ಲ,” ಎಂದರು. ನಾದಿನಿ ನನ್ನನ್ನೇ ನೋಡುತ್ತಿದ್ದಳು.

“ಅತ್ತಿಗೆ, ಆ ಹಲಗೆ ಒಳಗಿಂದ ತೆಗೆಯೋಕೆ ಆಗಲ್ವಾ?”

“ಆಗತ್ತೆ. ಒಂದು ಬೆರಳು ಸಾಕು.”

“ಮತ್ತೆ ಅಣ್ಣ ಯಾಕೆ ತೆಗೀಲಿಲ್ಲ?”

“ಬೇಗ ಎಚ್ಚರ ತಪ್ಪಿರ್ಬೇಕು,” ಎಂದೆ. ಎಚ್ಚರ ತಪ್ಪಿದವರು ಎರಡು ಸಲ ಬಡಿಯುವುದಿಲ್ಲ ಎಂದು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಸಂಜೆಗೆ ಕಣ್ಣು ಬಿಟ್ಟರು. ನನ್ನ ಕೈ ಹುಡುಕಿ ಹಿಡಿದುಕೊಂಡು, ಮಾಸ್ಕಿನೊಳಗಿಂದ ನಿಧಾನವಾಗಿ ಹೇಳಿದ ಮೊದಲ ಮಾತು: “ನಿಂಗೆ ಕೇಳಿಸಿರಲ್ಲ ಬಿಡು. ಫೆಲ್ಟ್ ಹಾಕಿದ್ಯಲ್ಲ.” ತಂಗಿಗೂ ಅದನ್ನೇ ಹೇಳಿದರು. ಡಾಕ್ಟರಿಗೂ ಹೇಳಿದರು. ಅವರು ಹಾಸಿಕೊಟ್ಟ ಚಾಪೆಯ ಮೇಲೆ ನಾನು ತೆಪ್ಪಗೆ ಮಲಗಿಬಿಟ್ಟೆ. ಹೌದೆನ್ನುವ ಹಾಗೆ ತಲೆಯಾಡಿಸಿದೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಪೋಸ್ಟ್ ಮಾಸ್ಟರು ಹೂಗುಚ್ಛ ಹಿಡಿದುಕೊಂಡು ಬಂದರು. ಮಾಸ್ಕು ತೆಗೆದಿದ್ದರು; ನಮ್ಮವರು ದಿಂಬಿಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆಯಲ್ಲಿದ್ದಾರೆ ಎಂದುಕೊಂಡು ಮುದುಕರು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ನಡೆದದ್ದಕ್ಕೆ ನೊಂದುಕೊಂಡರು. ಆಮೇಲೆ ತಡೆಯಲಾಗದೆ ಹೇಳಿದರು:

“ಆದ್ರೂ ಒಂದು ಮಾತು ತಾಯಿ. ಐವತ್ತು ವರ್ಷದಲ್ಲಿ ನಾನು ಇಂಥದ್ದು ನೋಡಿಲ್ಲ. ಅವರು ಬಡಿದಾಗ ನಿನ್ನ ಮುಖದಲ್ಲಿ ಒಂದು ಗೆರೆ ಕದಲಲಿಲ್ಲ. ನಾನಾದ್ರೂ ಕೆಮ್ಮಿದೆ, ನೀನು ಅಷ್ಟೂ ಮಾಡ್ಲಿಲ್ಲ. ಎರಡನೇ ಸಲ ಬಡಿದಾಗ ನಗಿಸಿಬಿಟ್ಟೆ! ಹೋಗ್ಲಿ, ಅದು ಅಭ್ಯಾಸ ಅಂತ ಇಟ್ಕೊಳ್ಳೋಣ. ಅವರು ಉರುಳಿ ಬಿದ್ದಾಗ, ಆ ಗಾಬರೀಲೂ, ನೀನು ಮೊದಲು ಕೈ ಹಿಂದೆ ಹಾಕಿ ಕಳ್ಳಹಲಗೆ ಮುಚ್ಚಿದೆಯಲ್ಲಮ್ಮಾ! ಆಮೇಲೆ ಅವರನ್ನ ಹಿಡ್ಕೊಂಡೆ. ನಾನು ನೋಡ್ತಾ ಇದ್ದೆ. ಅಷ್ಟು ಜನ ವೇದಿಕೆ ಹತ್ತಿದ್ರು, ಒಬ್ಬನಿಗಾದ್ರೂ ಗೂಡು ಎಲ್ಲಿದೆ ಅಂತ ಗೊತ್ತಾಗಲಿಲ್ಲ. ಮಂಡಳೀಲಿ ಎಲ್ಲರೂ ಒಂದೇ ಮಾತು: ಮುಂದಿನ ವರ್ಷದಿಂದ ಅಧ್ಯಕ್ಷೆ ನೀನೇ.”

ಹಲಗೆ ಮುಚ್ಚಿದ್ದು ನನಗೆ ಗೊತ್ತೇ ಇಲ್ಲ. ಆಣೆ ಮಾಡಿ ಹೇಳುತ್ತೇನೆ, ಗೊತ್ತಿಲ್ಲ. ನನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡಿದೆ. ಈ ಕೈ ನನ್ನದೇ, ಗಂಡ ಸಾಯುತ್ತಾ ಕೆಳಗೆ ಬೀಳುವಾಗ ಮೊದಲು ಗುಟ್ಟು ಮುಚ್ಚಿದ ಕೈ. ಮುದುಕರು ಇನ್ನೂ ಏನೇನೋ ಹೇಳಿ ಎದ್ದು ಹೋದರು. ತಲೆಯೆತ್ತಿದರೆ ನಮ್ಮವರು ಕಣ್ಣು ಬಿಟ್ಟುಕೊಂಡಿದ್ದರು.

“ಕೇಳಿಸಿತ್ತಾ?” ಎಂದರು.

“ಕೇಳಿಸಿತ್ತು.”

“ಎರಡು ಸಲವೂ?”

“ಎರಡು ಸಲವೂ.”

ಬೇರೆ ಗಂಡಸಾಗಿದ್ದರೆ ಕೈಯಲ್ಲಿ ಸಿಕ್ಕಿದ್ದನ್ನು ಎಸೆಯುತ್ತಿದ್ದ. ಇವರು ಹೊದಿಕೆಯ ಅಂಚನ್ನು ಮಡಚುತ್ತಾ, ಬಿಡಿಸುತ್ತಾ ಇದ್ದರು, ಎಷ್ಟೋ ಹೊತ್ತು. ಅದನ್ನು ನನಗೆ ತಡೆಯಲಾಗಲಿಲ್ಲ. ನನಗೆ ತಡೆಯಲಾಗದಿದ್ದಾಗ ಏನು ಬರುತ್ತದೋ ಅದೇ ಬಂತು. ಅಳಬೇಕಾದವಳು, ಕಾಲು ಹಿಡಿಯಬೇಕಾದವಳು, ರೇಗಿಬಿಟ್ಟೆ.

“ನಾನು ಪಾಪಿ, ಸರಿ, ಒಪ್ಕೊಂಡೆ! ನಿಮಗೇನಾಗಿತ್ತು? ಕೈ ಇರಲಿಲ್ವಾ? ಒಂದು ಬೆರಳಲ್ಲಿ ಹಲಗೆ ಸರಿಸಿ ಈಚೆ ಬರೋಕೆ ಏನು ದಾಡಿ? ಅಷ್ಟು ಹೊತ್ತು ಒಳಗೆ ಕೂತ್ಕೊಂಡು ಏನ್ ಮಾಡ್ತಿದ್ರಿ ನೀವು?”

ಬಾಗಿಲ ಹತ್ತಿರ ಫ್ಲಾಸ್ಕು ಹಿಡಿದುಕೊಂಡು ಬಂದ ನಾದಿನಿ ಅಲ್ಲೇ ನಿಂತಳು. ನಮ್ಮವರು ನನ್ನ ಮುಖವನ್ನು ನೋಡಿದರು. ಕೋಪವಿರಲಿಲ್ಲ, ಅದೇ ನನ್ನನ್ನು ಹೆದರಿಸಿತು. ಕರಡು ತಿದ್ದುವಾ‌ಗ ತಪ್ಪು ಸಿಕ್ಕಿದರೆ ನೋಡುತ್ತಾರಲ್ಲ, ಹಾಗೆ ನೋಡಿದರು.

“ಬಂದುಬಿಟ್ಟಿದ್ರೆ,” ಎಂದರು, “ಅಷ್ಟು ಜನರ ಮುಂದೆ, ಪೋಸ್ಟ್ ಮಾಸ್ಟರು ಅಲ್ಲೇ ನಿಂತಿರುವಾಗ. ಆಮೇಲೆ ನೀನು ನನ್ನನ್ನ ಸುಮ್ನೆ ಬಿಡ್ತಿದ್ಯಾ?”

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನಾದಿನಿಯ ಕಡೆ ನೋಡಿದೆ, ಅವಳು ನೆಲ ನೋಡುತ್ತಿದ್ದಳು. “ಇಲ್ಲ,” ಎಂದೆ. “ಬಿಡ್ತಿರಲಿಲ್ಲ.”

“ನಂಗೂ ಹಾಗೇ ಅನ್ನಿಸ್ತು.” ಅವರು ದಿಂಬಿಗೆ ತಲೆ ಆನಿಸಿದರು. “ಬೆರಳು ಹಲಗೆ ಮೇಲೇ ಇತ್ತು. ಯಾವುದು ಸುಲಭ ಅಂತ ಯೋಚನೆ ಮಾಡ್ತಾ ಇದ್ದೆ. ಅಷ್ಟರಲ್ಲಿ ಕಣ್ಣು ಕತ್ತಲಾಯ್ತು.”